ತುಂಗುಸ್ಕಾಕ್ಕ ಬಿದ್ದ ಕಲ್ಲು ಎಲ್ಲಿ ಹೋತು?

ಕುಷ್ಟಗಿ ಕಡೆ ಕಲ್ಲಿನ ಕ್ವಾರಿ ಸಮೀಪ ಇರೋರಿಗೆ ಇದು ದಿನದ ಮಾತು, ಬ್ಲಾಸ್ಟಿಂಗ್ ಆದಾಗ ಮೊದಲು ಧೂಳು ಏಳೋದು ಕಾಣ್ತೈತಿ, ಸದ್ದು ಆಮ್ಯಾಲೆ, ಅದರ ಜೋಡಿನೇ ಮನಿ ಕಿಡಕಿ ಗಡಗಡ ಅಂತಾವ. 2013ರ ಫೆಬ್ರುವರಿ 15ರ ಮುಂಜಾನೆ ರಷ್ಯಾದ ಚೆಲ್ಯಾಬಿನ್‌ಸ್ಕ್‌ದಾಗ ಆಗಿದ್ದೂ ಹಂಗ. ಆಕಾಶದಾಗ ಸೂರ್ಯನಿಗಿಂತ ಜೋರು ಬೆಳಕು ಕಂಡು ಏನದು ಅಂತ ಜನ ಕಿಡಕಿ ಹತ್ರ ಓಡಿ ಬಂದು ನಿಂತ್ರು, ಒಂದೆರಡು ನಿಮಿಷ ಬಿಟ್ಟು ಗಾಳಿ ಹೊಡ್ತ ಬಂತು, ಗಾಜು ಚೂರಾಗಿ ಸುಮಾರು 1,500 ಮಂದಿಗೆ ಗಾಯ ಆತು. ಬಾಹ್ಯಾಕಾಶದಿಂದ ಬಂದ ಕಲ್ಲು ಅಂದಾಜು 20 ಮೀಟರ್, ಒಡದಿದ್ದು 30 ಕಿ.ಮೀ. ಎತ್ತರದಾಗ.

ಈ ಕಥಿ ಶುರು ಆಗೋದು ಸೈಬೀರಿಯಾದ ತುಂಗುಸ್ಕಾ ನದಿ ಹತ್ರ, 1908ರ ಜೂನ್ 30ಕ್ಕ (ಹೆಸರು ಕೇಳಿದ್ರ ನಮ್ಮ ತುಂಗಭದ್ರಾ ನೆನಪಾಗ್ತೈತಿ, ಸಂಬಂಧ ಏನಿಲ್ಲ). ಆಕಾಶದಾಗ ಏನೋ ಜೋರಾಗಿ ಸಿಡಿತು, 2,000 ಚದರ ಕಿ.ಮೀ.ಗಿಂತ ಹೆಚ್ಚು ಕಾಡು ನೆಲಕ್ಕ ಬಿತ್ತು. ಲಿಯೊನಿಡ್ ಕುಲಿಕ್ ಅನ್ನೋ ವಿಜ್ಞಾನಿ ಆ ಜಾಗ ಮುಟ್ಟಿದ್ದು 1927ರಾಗ, ಕಲ್ಲು ಬಿದ್ದ ದೊಡ್ಡ ಕುಣಿ ಇರ್ತೈತಿ ಅಂದ್ಕೊಂಡು ಹೋದ್ರ ಕುಣಿನೇ ಇಲ್ಲ! ಸುತ್ತಲಿನ ಮರ ಎಲ್ಲಾ ಹೊರಗಡೆ ತಲಿ ಮಾಡಿ ಮಲಗ್ಯಾವ, ನಟ್ಟನಡುವಿನ ಮರ ಮಾತ್ರ ಟೊಂಗಿ ಕಳಕೊಂಡು ಲೈಟ್ ಕಂಬದಂಗ ನೆಟ್ಟಗ ನಿಂತಾವ. ನೆತ್ತಿ ಮ್ಯಾಲಿಂದ ಹೊಡ್ತ ಬಿದ್ರ ಟೊಂಗಿ ಹೋಗ್ತಾವ, ಕಾಂಡ ಉಳಿತೈತಿ, ನನಗಂತೂ ಇಡೀ ವಿಷಯದಾಗ ಇದಕ್ಕಿಂತ ದೊಡ್ಡ ಸಾಕ್ಷಿ ಬ್ಯಾರೆ ಕಾಣಲ್ಲ.

ಕುಣಿ ಇಲ್ಲ ಅಂದಮ್ಯಾಲೆ ಒಬ್ಬೊಬ್ಬರದು ಒಂದೊಂದು ಥಿಯರಿ. 1930ರ ಹೊತ್ತಿಗೆ ಧೂಮಕೇತು ಅಂದ್ರು, ಹಿರೋಶಿಮಾ ಆದಮ್ಯಾಲೆ 1946ರಾಗ ರಷ್ಯಾದ ಒಬ್ಬ ಕಥೆಗಾರ ಅನ್ಯಗ್ರಹದ ಹಡಗು ಸಿಡಿತು ಅಂತ ಬರದ, 1973ರಾಗ ಇಬ್ರು ವಿಜ್ಞಾನಿಗಳು ಸಣ್ಣ ಬ್ಲಾಕ್ ಹೋಲ್ ಭೂಮಿ ತೂರಿ ಹೋಗಿರಬಹುದು ಅಂದ್ರು. ತೂರಿದ್ರ ಆಚೆ ಕಡೆಯಿಂದ ಹೊರಗ ಬರಬೇಕಲ್ಲ, ಅದರ ಗುರುತು ಎಲ್ಲೂ ಸಿಗಲಿಲ್ಲ.

ನಂಬೋ ಹಂಗಿರೋ ಲೆಕ್ಕ ಬಂದಿದ್ದು 1993ರಾಗ. ಸೆಕೆಂಡಿಗೆ ಹತ್ತಾರು ಕಿ.ಮೀ. ವೇಗದಾಗ ಬರೋ ಕಲ್ಲಿಗೆ ಗಾಳಿನೇ ಗ್ವಾಡಿ ಇದ್ದಂಗ, ಮುಂದ ವಿಪರೀತ ಒತ್ತಡ, ಹಿಂದ ಏನೂ ಇಲ್ಲ, ಕಲ್ಲು ತಡಿಲಾರದ ಪುಡಿ ಆಗಿ ಜ್ವಾಳದ ರೊಟ್ಟಿ ಬಡದಂಗ ಅಗಲ ಆಗ್ತೈತಿ, ಅಗಲ ಆದಷ್ಟು ಗಾಳಿ ಇನ್ನೂ ಜೋರು ತಡಿತೈತಿ, ಕಡೀಕ ಎಲ್ಲಾ ಶಕ್ತಿ ಒಂದೇ ಕ್ಷಣಕ್ಕ ಶಾಖ ಆಗಿ ಸಿಡಿತೈತಿ. ತುಂಗುಸ್ಕಾದಾಗ ಇದು ಆಗಿದ್ದು 5ರಿಂದ 10 ಕಿ.ಮೀ. ಎತ್ತರದಾಗ. ನೆಲಕ್ಕ ಕಲ್ಲು ಬರಲಿಲ್ಲ, ಹೊಡ್ತ ಅಷ್ಟೇ ಬಂತು.

ಚೆಲ್ಯಾಬಿನ್‌ಸ್ಕ್‌ದ ಕಲ್ಲಂತೂ ಸೂರ್ಯನ ದಿಕ್ಕಿಂದ ಬಂತು, ಅದಕ್ಕ ಯಾವ ದೂರದರ್ಶಕಕ್ಕೂ ಸಿಗಲಿಲ್ಲ, ಅವತ್ತೇ ಭೂಮಿ ಹತ್ರ ಹಾಯೋದಿದ್ದ ಬ್ಯಾರೆ ಒಂದು ಕ್ಷುದ್ರಗ್ರಹ ನೋಡಾಕ ವಿಜ್ಞಾನಿಗಳು ಮೊದಲೇ ತಯಾರಾಗಿ ಕುಂತಿದ್ರು.