ಬೊನ್ಸಾಯ್ ಕುಂಡ: ತಳದಿಂದ ಶುರುವಾಗುವ ಪಾಠ

ಜಪಾನಿ ಭಾಷೆಯಲ್ಲಿ ‘ಬೊನ್’ ಎಂದರೆ ತಗ್ಗಾದ ಅಗಲ ಪಾತ್ರೆ, ‘ಸಾಯ್’ ಎಂದರೆ ನೆಟ್ಟು ಬೆಳೆಸುವುದು. ಹೆಸರಿನಲ್ಲೇ ಪಾತ್ರೆ ಮೊದಲು, ಗಿಡ ಆಮೇಲೆ. ಆದರೂ ಗಿಡಕ್ಕೆ ಹತ್ತು ವರ್ಷ ಕೊಡುವ ನಾವು ಕುಂಡವನ್ನು ಹತ್ತು ನಿಮಿಷದಲ್ಲಿ ಆರಿಸಿಬಿಡುತ್ತೇವೆ. ಅಂಚು, ಬಣ್ಣ, ಹೊಳಪು ನೋಡುತ್ತೇವೆ. ತಿರುವಿ ತಳ ನೋಡುವವರು ಕಡಿಮೆ. ನಾನೇ ಮಣ್ಣು ಹಿಡಿದು ಕುಳಿತ ಮೇಲೆ ತಿಳಿದದ್ದು ಇಷ್ಟು: ಈ ಕುಂಡದ ಕಷ್ಟವೆಲ್ಲ ತಳದಲ್ಲಿದೆ. ನನ್ನಂತೆ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿಯನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ತಗ್ಗು ಕುಂಡದಲ್ಲಿ ನೀರು

ಮೊದಲು ಒಂದು ಪ್ರಯೋಗ ಮಾಡಿ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಹಿಂಡದೆ, ಅಗಲವಾಗಿ ಮಲಗಿಸಿ ಹಿಡಿಯಿರಿ. ಹನಿ ಬೀಳುವುದು ನಿಲ್ಲಲಿ. ಈಗ ಅದನ್ನು ಉದ್ದಕ್ಕೆ ನಿಲ್ಲಿಸಿ. ನಿಂತುಹೋಗಿದ್ದ ನೀರು ಮತ್ತೆ ಸುರಿಯುತ್ತದೆ. ಸ್ಪಂಜು ಅದೇ, ನೀರು ಅದೇ. ಬದಲಾದದ್ದು ಎತ್ತರ ಮಾತ್ರ.

ಕುಂಡದೊಳಗಿನ ಮಣ್ಣೂ ಹೀಗೆಯೇ. ಮಣ್ಣಿನ ಸಣ್ಣ ಸಂದುಗಳು ತಳದಿಂದ ಒಂದಷ್ಟು ಎತ್ತರದವರೆಗೆ ನೀರನ್ನು ಕೆಳಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. ಆ ಎತ್ತರವನ್ನು ನಿರ್ಧರಿಸುವುದು ಮಣ್ಣಿನ ಕಣಗಳ ಗಾತ್ರವೇ ಹೊರತು ಕುಂಡದ ಆಳವಲ್ಲ. ನೀರು ತುಂಬಿದ ಆ ಪದರ 3 ಸೆಂ.ಮೀ. ಇದೆ ಎಂದುಕೊಳ್ಳಿ. 20 ಸೆಂ.ಮೀ. ಆಳದ ಹೂಕುಂಡದಲ್ಲಿ ಬೇರಿಗೆ 17 ಸೆಂ.ಮೀ. ಗಾಳಿಯಾಡುವ ಜಾಗ ಉಳಿಯುತ್ತದೆ. 5 ಸೆಂ.ಮೀ. ಆಳದ ಬೊನ್ಸಾಯ್ ಕುಂಡದಲ್ಲಿ ಉಳಿಯುವುದು ಎರಡೇ. ತೂತು ಎಷ್ಟೇ ದೊಡ್ಡದಿದ್ದರೂ ಈ ಪದರ ಹೋಗುವುದಿಲ್ಲ. ಅದನ್ನು ತಗ್ಗಿಸಲು ತರಿತರಿಯಾದ ಮಣ್ಣು ಹಾಕಬೇಕು, ಅದು ಗಿಡ ನೆಡುವವರ ಕೆಲಸ. ಕುಂಡ ಮಾಡುವವರ ಕೆಲಸ, ಆ ಪದರದ ಜೊತೆಗೆ ಇನ್ನೊಂದು ಹನಿಯೂ ತಳದಲ್ಲಿ ನಿಲ್ಲದಂತೆ ನೋಡಿಕೊಳ್ಳುವುದು.

ಹಾಗಾಗಿ ತೂತು ಕೊರೆದಾಗ ಒಳಬದಿಯಲ್ಲಿ ಎದ್ದು ನಿಲ್ಲುವ ಅಂಚನ್ನು ಬೆರಳಿನಿಂದ ಸವರಿ ತಳದ ಮಟ್ಟಕ್ಕಿಂತ ತುಸು ಕೆಳಗಿಳಿಸಬೇಕು. ಒಂದು ಮಿಲಿಮೀಟರ್ ಅಂಚು ಉಳಿದರೂ ತಳದ ತುಂಬ ಒಂದು ಮಿಲಿಮೀಟರ್ ನೀರು ನಿಲ್ಲುತ್ತದೆ. 30 ಸೆಂ.ಮೀ. ಉದ್ದದ ಕುಂಡಕ್ಕೆ ನಾನು 18 ಮಿ.ಮೀ. ಅಗಲದ ಮೂರು ತೂತುಗಳನ್ನು ಕೊರೆಯುತ್ತೇನೆ. ಇದಲ್ಲದೆ ತಂತಿ ತೂರಿಸಲು 4-5 ಮಿ.ಮೀ. ಅಳತೆಯ ನಾಲ್ಕು ಸಣ್ಣ ತೂತುಗಳು ಬೇಕೇ ಬೇಕು. ತಗ್ಗು ಕುಂಡದಲ್ಲಿ ಹೊಸದಾಗಿ ನೆಟ್ಟ ಗಿಡ ಗಾಳಿಗೆ ಅಲುಗಾಡಿದರೆ ಎಳೆ ಬೇರುಗಳು ಹರಿಯುತ್ತವೆ. ತಂತಿಯಿಂದ ಕಟ್ಟಿದರಷ್ಟೇ ಅದು ನಿಲ್ಲುತ್ತದೆ. ಕಾಲುಗಳು ಅಲಂಕಾರಕ್ಕಲ್ಲ. ಅವು ಸೆಂಟಿಮೀಟರಿನಷ್ಟಾದರೂ ಎತ್ತರವಿದ್ದರೆ ತೂತಿನ ಕೆಳಗೆ ಗಾಳಿ ಆಡುತ್ತದೆ, ನೀರು ಹೊರಗೆ ಹರಿಯುತ್ತದೆ.

ಅಳತೆ

ಕುಂಡದ ಉದ್ದ ಗಿಡದ ಎತ್ತರದ ಮೂರರಲ್ಲಿ ಎರಡು ಪಾಲು, ಆಳ ಬುಡದಲ್ಲಿ ಕಾಂಡದ ದಪ್ಪದಷ್ಟು ಎಂಬುದು ರೂಢಿಯ ಲೆಕ್ಕ. ಇಳಿಬಿದ್ದು ಬೆಳೆಯುವ ಗಿಡಕ್ಕೆ ಇದು ಹೊಂದದು, ಅದಕ್ಕೆ ಆಳವಾದ ಕುಂಡ ಬೇಕು. ಹೂ ಹಣ್ಣು ಬಿಡುವ ಗಿಡಗಳಿಗೂ ನೀರು ಹೆಚ್ಚು ಬೇಕಾಗುವುದರಿಂದ ತುಸು ಆಳ ಒಳ್ಳೆಯದು.

ಇಲ್ಲಿ ಎಲ್ಲರೂ ಎಡವುವುದು ಕುಗ್ಗುವಿಕೆಯ ಲೆಕ್ಕದಲ್ಲಿ. ಹಸಿ ಮಣ್ಣು ಒಣಗಿ, ಸುಟ್ಟು ಹೊರಬರುವಾಗ ಕುಗ್ಗುತ್ತದೆ. ನಿಮ್ಮ ಮಣ್ಣಿನಲ್ಲಿ ಒಂದು ಪಟ್ಟಿ ಮಾಡಿ ಅದರ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಎಳೆಯಿರಿ. ಸುಟ್ಟ ಮೇಲೆ ಅದು 8.8 ಸೆಂ.ಮೀ. ಆಗಿದ್ದರೆ ಕುಗ್ಗುವಿಕೆ ಶೇ 12. ಈಗ 30 ಸೆಂ.ಮೀ. ಕುಂಡ ಬೇಕೆಂದರೆ 30ಕ್ಕೆ ಶೇ 12 ಕೂಡಿಸಿ 33.6 ಎಂದು ಬರೆದುಕೊಳ್ಳಬೇಡಿ. ಅದು ಸುಟ್ಟಾಗ 29.6ಕ್ಕೆ ಇಳಿಯುತ್ತದೆ. 30ನ್ನು 0.88ರಿಂದ ಭಾಗಿಸಬೇಕು. ಉತ್ತರ 34.1.

ಅದೇ ಪಟ್ಟಿಯಿಂದ ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು. ಸುಟ್ಟ ಪಟ್ಟಿಯನ್ನು ಒಣಗಿದ್ದಾಗ ತೂಗಿ, ಎರಡು ಗಂಟೆ ನೀರಿನಲ್ಲಿ ಕುದಿಸಿ, ಆ ನೀರಿನಲ್ಲೇ ಆರಲು ಬಿಟ್ಟು, ಒರೆಸಿ ಮತ್ತೆ ತೂಗಿ. 200 ಗ್ರಾಂ ಇದ್ದದ್ದು 204 ಆದರೆ ಅದು ಹೀರಿದ ನೀರು ಶೇ 2. ಹಿಮ ಬೀಳುವ ದೇಶಗಳಲ್ಲಿ ಈ ಅಂಕಿ ಕುಂಡದ ಆಯುಷ್ಯವನ್ನೇ ಹೇಳುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಮಣ್ಣಿನ ರಂಧ್ರಗಳಲ್ಲಿ ಕುಳಿತ ನೀರು ಕುಂಡವನ್ನು ಒಳಗಿನಿಂದಲೇ ಸೀಳುತ್ತದೆ. ನಮ್ಮ ಊರುಗಳಲ್ಲಿ ಆ ಭಯವಿಲ್ಲ. ಆವಿಗೆಯಲ್ಲಿ ಸುಟ್ಟ ಕೆಂಪು ಕುಂಡದಲ್ಲೂ ಗಿಡ ಚೆನ್ನಾಗಿಯೇ ಬೆಳೆಯುತ್ತದೆ. ಆದರೆ ಅದು ನೀರು ಹೀರುವುದರಿಂದ ತಗ್ಗು ಕುಂಡ ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ಹೊರಮೈಯಲ್ಲಿ ಬಿಳಿಯ ಉಪ್ಪು ಕಟ್ಟುತ್ತದೆ.

ಮಣ್ಣಿನ ನೆನಪು

ತಿಗರಿಯ ಮೇಲೆ ದುಂಡು ಕುಂಡ ಬರುತ್ತದೆ. ಚೌಕ, ಆಯತಗಳಿಗೆ ಮಣ್ಣನ್ನು ಚಪಾತಿಯಂತೆ ಲಟ್ಟಿಸಿದ ಹಾಳೆ ಬೇಕು. 8ರಿಂದ 10 ಮಿ.ಮೀ. ದಪ್ಪ ಸಾಕು. ಸುಟ್ಟ ಮಣ್ಣಿನ ತರಿ ಬೆರೆತ ಮಣ್ಣನ್ನೇ ಆರಿಸಿ, ಅದು ಕುಗ್ಗುವುದು ಕಡಿಮೆ, ಸೊಟ್ಟಗಾಗುವುದೂ ಕಡಿಮೆ. ಒಂದೇ ದಿಕ್ಕಿಗೆ ಲಟ್ಟಿಸಬೇಡಿ, ಮಗುಚಿ ಎರಡೂ ಕಡೆ ಒತ್ತಿ. ಮುಖ್ಯವಾಗಿ ಹಾಳೆಯನ್ನು ಮೂಲೆ ಹಿಡಿದು ಎತ್ತಬೇಡಿ. ಮಣ್ಣಿಗೆ ನೆನಪಿದೆ. ಹಸಿಯಲ್ಲಿ ಒಮ್ಮೆ ಬಾಗಿದ ಹಾಳೆಯನ್ನು ನೀವು ಎಷ್ಟು ಚಪ್ಪಟೆ ಮಾಡಿದರೂ ಭಟ್ಟಿಯಲ್ಲಿ ಅದು ಬಾಗಿದ ಕಡೆಗೇ ಮತ್ತೆ ಬಾಗುತ್ತದೆ. ಎರಡು ಹಲಗೆಗಳ ನಡುವೆ ಇಟ್ಟೇ ಮಗುಚಬೇಕು.

ತೊಗಲಿನಷ್ಟು ಗಟ್ಟಿಯಾದ ಹದದಲ್ಲಿ ಗೋಡೆಗಳನ್ನು ಕತ್ತರಿಸಿ, ಸೇರುವ ಅಂಚುಗಳನ್ನು ಓರೆಯಾಗಿ ಸೀಳಿ, ಗೀರು ಹಾಕಿ, ಅದೇ ಮಣ್ಣನ್ನು ಗಟ್ಟಿ ಮಜ್ಜಿಗೆಯ ಹದಕ್ಕೆ ಕದಡಿ ಬಳಿದು ಅಂಟಿಸಿ. ಒಳಮೂಲೆಗೆ ಮಣ್ಣಿನ ಸಣ್ಣ ಬತ್ತಿ ಇಟ್ಟು ಒತ್ತಿ. ಬಾಯಿ ಒಳಕ್ಕೆ ಬಾಗಿದ ಕುಂಡ ನೋಡಲು ಚೆಂದ, ಆದರೆ ಮರುನಾಟಿಯ ದಿನ ಬೇರಿನ ಗಡ್ಡೆ ಹೊರಬರದೆ ಸುತ್ತ ಕತ್ತರಿಸಬೇಕಾಗುತ್ತದೆ. ಬಾಯಿ ಹೊರಕ್ಕೆ ತೆರೆದಿರಲಿ.

ಒಣಗಿಸುವಾಗ ಅಂಚು, ಮೂಲೆಗಳು ಮೊದಲು ಒಣಗುತ್ತವೆ, ತಳ ಕೊನೆಗೆ. ಒಣಗಿದ್ದು ಕುಗ್ಗಿ ಒಣಗದ್ದನ್ನು ಎಳೆಯುತ್ತದೆ, ಅಲ್ಲಿ ಬಿರುಕು. ಅಂಚಿನ ಸುತ್ತ ಪ್ಲಾಸ್ಟಿಕ್ ಸುತ್ತಿ, ಗಟ್ಟಿಯಾದ ಮೇಲೆ ಬೋರಲು ಹಾಕಿ ತಳಕ್ಕೆ ಗಾಳಿ ಕೊಡಿ. ಕೆಳಗೆ ಒಂದು ಹಳೆಯ ವೃತ್ತಪತ್ರಿಕೆ ಇದ್ದರೆ ಕುಂಡ ಹಲಗೆಗೆ ಅಂಟದೆ ಕುಗ್ಗುತ್ತದೆ. ಎರಡು ವಾರ ತಾಳ್ಮೆ ಬೇಕು. ನಾನು ಇದನ್ನು ಕಲಿತದ್ದು ಮೂರು ಕುಂಡ ಒಡೆದುಕೊಂಡ ಮೇಲೆ.

ಬೆಂಕಿ

ನೂರು ಡಿಗ್ರಿ ದಾಟುವವರೆಗೆ ನಿಧಾನ, ಒಳಗಿನ ತೇವ ಆವಿಯಾಗಿ ಸಿಡಿಯಬಾರದು. 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಣ್ಣಿನಲ್ಲಿರುವ ಕ್ವಾರ್ಟ್ಜ್ ತನ್ನ ರಚನೆಯನ್ನು ಬದಲಿಸಿ ಥಟ್ಟನೆ ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ಅಗಲ ತಳದ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗಿದ್ದರೆ ಆ ಘಳಿಗೆಯಲ್ಲಿ ಬಿರುಕು ಖಚಿತ. ಮೊದಲ ಸುಡುವಿಕೆ ಸುಮಾರು 950 ಡಿಗ್ರಿಗೆ, ಎರಡನೆಯದು 1200ರ ಮೇಲೆ.

ಗ್ಲೇಜ್, ಅಂದರೆ ಬೆಂಕಿಯಲ್ಲಿ ಕರಗಿ ಗಾಜಿನಂತೆ ಕೂರುವ ಲೇಪ, ಹೊರಮೈಗೆ ಮತ್ತು ಒಳ ಅಂಚಿನ ಒಂದು ಬೆರಳಗಲಕ್ಕೆ ಮಾತ್ರ. ಒಳಗೆ ಒರಟು ಮಣ್ಣೇ ಇರಲಿ. ಕಾಲಿನ ಅಡಿಗೆ ತಾಗಿದರೆ ಅದು ಕರಗಿ ಕುಂಡವನ್ನು ಭಟ್ಟಿಯ ಹಲಗೆಗೆ ಬೆಸೆಯುತ್ತದೆ. ಪೈನ್, ಜೂನಿಪರ್‌ಗಳಿಗೆ ಗ್ಲೇಜ್ ಇಲ್ಲದ ಕಂದು ಕುಂಡ, ಎಲೆ ಉದುರಿಸುವ ಮತ್ತು ಹೂ ಬಿಡುವ ಗಿಡಗಳಿಗೆ ಬಣ್ಣದ ಕುಂಡ ಎಂಬುದು ಜಪಾನಿನ ಸಂಪ್ರದಾಯ. ನಮ್ಮ ಗೋಳಿ, ಬಸರಿಗಳಿಗೆ ನನ್ನ ಕಣ್ಣಿಗೆ ಒಪ್ಪುವುದು ಮಂದ ಹಸಿರಿನ ತಗ್ಗು ಅಂಡಾಕಾರದ ಕುಂಡ. ಅವುಗಳ ಬೇರು ಅಗಲಕ್ಕೆ ಹರಡುವುದೇ ಸೊಗಸು.

ತೊಕೊನಾಮೆಯ ತಳಗಳು

ಬೊನ್ಸಾಯ್ ಕುಂಡ ಎಂದರೆ ಮೊದಲು ಬರುವ ಎರಡು ಊರುಗಳು ಚೀನಾದ ಜಿಯಾಂಗ್ಸು ಪ್ರಾಂತ್ಯದ ಯೀಶಿಂಗ್ ಮತ್ತು ಜಪಾನಿನ ಐಚಿ ಪ್ರಾಂತ್ಯದ ತೊಕೊನಾಮೆ. ಯೀಶಿಂಗ್‌ನ ನೇರಳೆಗಂದು ಮಣ್ಣು ಚಹಾ ಕುಡಿಕೆಗೂ ಪ್ರಸಿದ್ಧ. ತೊಕೊನಾಮೆ ಜಪಾನಿನ ಆರು ಪ್ರಾಚೀನ ಆವಿಗೆಗಳ ಊರುಗಳಲ್ಲಿ ಒಂದು, ಹನ್ನೆರಡನೆಯ ಶತಮಾನದಿಂದ ಅಲ್ಲಿ ಮಣ್ಣು ಸುಡುತ್ತಿದ್ದಾರೆ. ಆಧುನಿಕ ಕಾಲದಲ್ಲಿ ಆ ಊರು ಚರಂಡಿ ಕೊಳವೆಗಳನ್ನೂ ರಾಶಿಗಟ್ಟಲೆ ಸುಟ್ಟಿತು. ಹಳೆಯ ಕೊಳವೆಗಳನ್ನೇ ಗೋಡೆಯಾಗಿ ಜೋಡಿಸಿದ ಏರುದಾರಿ ಅಲ್ಲಿ ಈಗಲೂ ಇದೆ. ನೆಲದಡಿಯ ತೇವವನ್ನು ತಡೆಯುವಂತೆ ಕೊಳವೆ ಸುಡುವುದಕ್ಕೂ, ವರ್ಷವಿಡೀ ಒದ್ದೆಯಾಗಿರುವ ಕುಂಡ ಸುಡುವುದಕ್ಕೂ ಬೇಕಾದ ವಿದ್ಯೆ ಒಂದೇ ಎಂದು ನನಗೆ ಅನ್ನಿಸುತ್ತದೆ. ಅಲ್ಲಿನ ಕುಶಲಕರ್ಮಿಗಳು ತಮ್ಮ ಮುದ್ರೆ ಒತ್ತುವುದು ತಳದಲ್ಲಿ. ಬಲ್ಲವರು ಕುಂಡವನ್ನು ಕೈಗೆತ್ತಿಕೊಂಡರೆ ಮೊದಲು ಬೋರಲು ಹಾಕುತ್ತಾರೆ.

ನನ್ನ ಮೊದಲ ಉದ್ದ ಕುಂಡ ಮೇಲಿನಿಂದ ನೋಡಲು ಕುಂದಿಲ್ಲದೆ ಬಂದಿತ್ತು. ನೀರು ಸುರಿದು ನೋಡಿದರೆ ಎರಡು ತೂತುಗಳ ನಡುವೆ ಅಂಗೈಯಗಲದ ಮಡು, ಎರಡು ಚಮಚದಷ್ಟು ನೀರು. ನಾಲ್ಕು ಮೂಲೆಗಳಲ್ಲಷ್ಟೇ ಕಾಲು ಕೊಟ್ಟಿದ್ದೆ. 1200 ಡಿಗ್ರಿಯಲ್ಲಿ ಮೆತ್ತಗಾದ ತಳ ನಡುವೆ ಜೋತುಬಿದ್ದಿತ್ತು. ಎರಡನೆಯ ಬಾರಿ ತಳದ ನಡುವಿಗೆ, ಕಾಲಿನಷ್ಟೇ ಎತ್ತರದ, ಅದೇ ಮಣ್ಣಿನ ಒಂದು ತುಂಡನ್ನು ಅಂಟಿಸದೆ ಆನಿಸಿಟ್ಟು, ಅದರ ಮೇಲೆ, ಕುಂಡಕ್ಕೆ ಅಂಟದಿರಲೆಂದು, ಆ ಬೆಂಕಿಗೂ ಕರಗದ ಅಲ್ಯೂಮಿನಾ ಪುಡಿ ಉದುರಿಸಿ ಸುಟ್ಟೆ. ತುಂಡು ಕುಂಡದ ಜೊತೆಗೇ ಕುಗ್ಗಿತು, ಆಮೇಲೆ ಸುಲಭವಾಗಿ ಬಿಟ್ಟುಬಂತು. ಒಂದು ಚೊಂಬು ನೀರು ಸುರಿದೆ. ಎಲ್ಲವೂ ಇಳಿದುಹೋಯಿತು, ಒದ್ದೆಯ ಹೊಳಪೊಂದು ಉಳಿಯಿತು. ಮಳೆಗಾಲದ ಆರಂಭದಲ್ಲಿ ಅದರಲ್ಲಿ ಬಸರಿಯನ್ನು ನೆಟ್ಟಿದ್ದೇನೆ.