ಬೀಗವಿಲ್ಲದ ಇ-ರೀಡರ್ ಹುಡುಕುವವರಿಗೆ

ಇ-ಪುಸ್ತಕ ಓದುವ ಸಾಧನವಾದ ಇ-ರೀಡರ್‌ನ ಇ-ಇಂಕ್ ತೆರೆಯೊಳಗೆ ತಲೆಗೂದಲಿನಷ್ಟು ದಪ್ಪದ ಲಕ್ಷಾಂತರ ಗುಳಿಗೆಗಳಿರುತ್ತವೆ. ಪ್ರತಿ ಗುಳಿಗೆಯಲ್ಲೂ ತಿಳಿಯಾದ ದ್ರವ, ಅದರಲ್ಲಿ ತೇಲುವ ಕಪ್ಪು ಮತ್ತು ಬಿಳಿ ಕಣಗಳು. ಇವೆರಡರ ವಿದ್ಯುದಂಶ ಪರಸ್ಪರ ವಿರುದ್ಧ. ಹಾಗಾಗಿ ವಿದ್ಯುತ್ ಕ್ಷೇತ್ರದ ದಿಕ್ಕು ಬದಲಿಸಿದರೆ ಒಂದು ಬಣ್ಣ ಮೇಲೇರುತ್ತದೆ, ಇನ್ನೊಂದು ತಳಕ್ಕಿಳಿಯುತ್ತದೆ. ಮೂಡಿದ ಪುಟ ಹಾಗೆಯೇ ನಿಲ್ಲಲು ವಿದ್ಯುತ್ ಬೇಡ, ಪುಟ ಬದಲಾಗುವಾಗ ಮಾತ್ರ ಬೇಕು. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಓದಬಹುದಾದದ್ದು ಇದರಿಂದಲೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧನೆಯಿಂದ 1997ರಲ್ಲಿ ಹುಟ್ಟಿದ ಇ ಇಂಕ್ ಕಂಪನಿಯ ತೆರೆಗಳೇ ಇಂದು ಬಹುತೇಕ ಇ-ರೀಡರ್‌ಗಳಲ್ಲಿವೆ. ಆದ್ದರಿಂದ ಕೊಳ್ಳುವವರು ತೆರೆಗಿಂತ ಅದರ ಹಿಂದಿರುವ ತಂತ್ರಾಂಶದ ಬಗ್ಗೆ ಹೆಚ್ಚು ಯೋಚಿಸಬೇಕು.

ಡಿಆರ್‌ಎಂ ಎಂಬ ಡಿಜಿಟಲ್ ಬೀಗ ಹಾಕಿದ ಪುಸ್ತಕ ಗೂಢಲಿಪಿಯಲ್ಲಿರುತ್ತದೆ. ಅದನ್ನು ಬಿಡಿಸುವ ಕೀಲಿ ಮಾರುವವರ ಹಿಡಿತದಲ್ಲಿರುತ್ತದೆ. 2009ರ ಜುಲೈನಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಿದ್ದರೆಂಬ ಕಾರಣಕ್ಕೆ, ಜಾರ್ಜ್ ಆರ್ವೆಲ್ ಅವರ ‘1984’ ಕಾದಂಬರಿಯ ಪ್ರತಿಗಳನ್ನು ಗ್ರಾಹಕರ ಬಳಿಯಿದ್ದ, ತನ್ನದೇ ಇ-ರೀಡರ್ ಆದ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿತು. ಹಣ ಮರಳಿಸಿತು, ಕ್ಷಮೆಯನ್ನೂ ಕೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿ ಮುಚ್ಚಿದಾಗ ಓದುಗರಿಗೆ ಹಣ ಸಿಕ್ಕಿತು, ಪುಸ್ತಕಗಳು ಹೋದವು. ಕಪಾಟಿನಲ್ಲಿರುವ ಪುಸ್ತಕವನ್ನು ಅಂಗಡಿಯವರು ಬಂದು ಒಯ್ಯುವುದನ್ನು ನಾವು ಒಪ್ಪುವುದಿಲ್ಲ, ಇದನ್ನೂ ಒಪ್ಪಬೇಕಾಗಿಲ್ಲ.

ಕನ್ನಡಿಗರಿಗೆ ನಾವೇ ಬದಲಿಸಿಕೊಳ್ಳಬಹುದಾದ ಮುಕ್ತ ಸಾಧನ ಬೇಕಾಗಲು ಇನ್ನೊಂದು ಕಾರಣವೂ ಇದೆ. 2016ರಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಅವುಗಳಲ್ಲಿ ಕನ್ನಡ ಇರಲಿಲ್ಲ. ನಮ್ಮ ಲಿಪಿಯನ್ನು ತೋರಿಸಲು ಅಕ್ಷರಗಳನ್ನು ಸಾಲಾಗಿ ಇಟ್ಟರೆ ಸಾಲದು. ‘ಸೂರ್ಯ’ ಎಂಬುದರ ಕಡತದಲ್ಲಿ ರಕಾರ ಮೊದಲು ಬರುತ್ತದೆ, ಯಕಾರ ಆಮೇಲೆ. ತೆರೆಯಲ್ಲಿ ಅದೇ ರಕಾರ ಅರ್ಕಾವತ್ತಾಗಿ ಯಕಾರದ ನಂತರ ನಿಲ್ಲಬೇಕು. ‘ರಾಷ್ಟ್ರ’ದಲ್ಲಿ ಎರಡು ಒತ್ತುಗಳನ್ನು ಒಂದೇ ಅಕ್ಷರಕ್ಕೆ ಕೂಡಿಸಬೇಕು. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಇದನ್ನು ಅಚ್ಚುಕಟ್ಟಾಗಿ ಮಾಡುತ್ತದೆ, ಆದರೆ ಸಾಧನದಲ್ಲಿ ಕನ್ನಡ ಫಾಂಟ್ ಇರಬೇಕು. ತಯಾರಕರು ಅದನ್ನು ಕೊಡದಿದ್ದಾಗ ನಾವೇ ಸೇರಿಸುವಂತಿರಬೇಕು. ನನ್ನ ಮಟ್ಟಿಗೆ ಇ-ರೀಡರ್‌ಗೆ ಇದೇ ನಿಜವಾದ ಪರೀಕ್ಷೆ.

ಸಾಮಾನ್ಯ ಓದುಗರಿಗೆ ನಾನು ಸೂಚಿಸುವುದು ಕೋಬೋ ಎಂಬ ಇ-ರೀಡರ್. ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರಿಗೆ ಜೋಡಿಸಿ ಇಪಬ್ ಎಂಬ ಇ-ಪುಸ್ತಕ ರೂಪದ ಕಡತಗಳನ್ನು ನೇರವಾಗಿ ಹಾಕಬಹುದು, ಫಾಂಟ್‌ಗಳಿಗೊಂದು ಫೋಲ್ಡರ್ ಮಾಡಿ ಕನ್ನಡದ ನೋಟೋ ಅಥವಾ ಗುಬ್ಬಿ ಫಾಂಟ್ ಸೇರಿಸಬಹುದು. ಹಾರ್ಫ್‌ಬಜ್ ಬಳಸುವ ಕೋರೀಡರ್ ಎಂಬ ಮುಕ್ತ ಓದುವ ತಂತ್ರಾಂಶವನ್ನೂ ಅಳವಡಿಸಿಕೊಳ್ಳಬಹುದು. ಅದು ಪಾಕೆಟ್‌ಬುಕ್ ಸಾಧನಗಳಲ್ಲೂ ನಡೆಯುತ್ತದೆ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ಬಲ್ಲವರಿಗೆ 10.3 ಇಂಚಿನ ಪೈನ್‌ನೋಟ್ ಇದೆ. ಅದು ಇನ್ನೂ ಹೆಚ್ಚು ಮುಕ್ತ, ಆದರೆ ತಾಳ್ಮೆ ಬೇಡುತ್ತದೆ.

ಸಾಧನ ಮುಕ್ತವಾಗಿದ್ದರೂ ಕೋಬೋ ಅಂಗಡಿಯ ಎಷ್ಟೋ ಪುಸ್ತಕಗಳಿಗೆ ಬೀಗ ಇದ್ದೇ ಇದೆ. ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಅದನ್ನು ಮುರಿಯುವುದು ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಯ 65ಎ ಕಲಂ ಪ್ರಕಾರ ಅಪರಾಧ. ಆದ್ದರಿಂದ ಕೊಳ್ಳುವಾಗಲೇ ಪುಸ್ತಕದ ವಿವರದಲ್ಲಿ ಡಿಆರ್‌ಎಂ ಇದೆಯೇ ಎಂದು ನೋಡಿ. ಅಂತರಜಾಲದ ಮುಕ್ತ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನ ಹಳೆಯ ಕೃತಿಗಳು ಇಪಬ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಹೊಸ ಪುಸ್ತಕಗಳನ್ನು ಬೀಗವಿಲ್ಲದೆ ಕೊಡಿ ಎಂದು ನಮ್ಮ ಪ್ರಕಾಶಕರನ್ನೇ ಕೇಳಬೇಕು: ಅಮೆರಿಕದ ಟಾರ್ ಪ್ರಕಾಶನ 2012ರಿಂದ ಬೀಗವಿಲ್ಲದೆಯೇ ಇ-ಪುಸ್ತಕಗಳನ್ನು ಮಾರುತ್ತಾ ಬಂದಿದೆ.