ನ್ಯಾನೊಜೈಮ್ ಇಸಿಎಲ್ ಸೆನ್ಸರ್: ಮೊದಲು ಪಿಎಚ್ ನೋಡಿ

ಇಸಿಎಲ್ ಅಂದರೆ ಎಲೆಕ್ಟ್ರೋಕೆಮಿಲ್ಯೂಮಿನೆಸೆನ್ಸ್. ಎಲೆಕ್ಟ್ರೋಡಿಗೆ ವೋಲ್ಟೇಜ್ ಕೊಟ್ಟಾಗ ಅದರ ಮೇಲ್ಮೈಯಲ್ಲಿ ಕ್ರಿಯೆ ನಡೆದು ಬೆಳಕು ಬರುತ್ತದೆ. ಹೊರಗಿನಿಂದ ಬೆಳಕು ಬಿಡುವ ಗೋಜೇ ಇಲ್ಲ, ಹಾಗಾಗಿ ಸಣ್ಣ ಮಿನುಗನ್ನೂ ಡಿಟೆಕ್ಟರ್ ಹಿಡಿಯುತ್ತದೆ.

ಗ್ಲೂಕೋಸ್ ಅಳೆಯುವ ಲ್ಯೂಮಿನಾಲ್ (ಬೆಳಕು ಕೊಡುವ ಒಂದು ರಾಸಾಯನಿಕ) ಸೆನ್ಸರನ್ನೇ ತೆಗೆದುಕೊಳ್ಳೋಣ. ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ ಗ್ಲೂಕೋಸಿನ ಮೇಲೆ ಕೆಲಸ ಮಾಡಿದಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ನ್ಯಾನೊಜೈಮ್, ಅಂದರೆ ಕಿಣ್ವದ ಹಾಗೆ ಕೆಲಸ ಮಾಡುವ ನ್ಯಾನೊ ಕಣ, ಅದನ್ನು ಒಡೆದು ಚುರುಕಾದ ರ್‍ಯಾಡಿಕಲ್‌ಗಳನ್ನು ಮಾಡುತ್ತದೆ. ಎಲೆಕ್ಟ್ರೋಡಿನಲ್ಲಿ ಎಲೆಕ್ಟ್ರಾನ್ ಕಳೆದುಕೊಂಡ ಲ್ಯೂಮಿನಾಲ್ ಅವುಗಳ ಜೊತೆ ಸೇರಿ, ಉದ್ರಿಕ್ತ ಸ್ಥಿತಿಯ 3-ಅಮಿನೊಥ್ಯಾಲೇಟ್ ಆಗುತ್ತದೆ. ಅದು ಶಾಂತವಾಗುವಾಗ ಸುಮಾರು 425 ನ್ಯಾನೊಮೀಟರಿನ ನೀಲಿ ಬೆಳಕು. ಗಮನಿಸಿ: ಗ್ಲೂಕೋಸನ್ನು ಗುರುತಿಸುವುದು ಆಕ್ಸಿಡೇಸ್; ನ್ಯಾನೊಜೈಮ್ ಸಿಗ್ನಲ್ ಹೆಚ್ಚಿಸುತ್ತದೆ, ಅಷ್ಟೇ.

ಕಬ್ಬಿಣದ ಆಕ್ಸೈಡ್ ನ್ಯಾನೊ ಕಣಗಳು ಪೆರಾಕ್ಸಿಡೇಸ್ ಕಿಣ್ವದ ಹಾಗೆ (ಪೆರಾಕ್ಸೈಡ್ ಬಳಸಿ ಬೇರೆ ವಸ್ತುವಿನಿಂದ ಎಲೆಕ್ಟ್ರಾನ್ ಕೀಳುವಂಥದ್ದು) ವರ್ತಿಸುತ್ತವೆ ಎಂದು 2007ರಲ್ಲಿ ಚೀನಾದ ಯಾನ್ ಶಿಯುನ್ ಅವರ ತಂಡ ತೋರಿಸಿತು. ಶಾಖಕ್ಕೆ ಅವು ಜಗ್ಗಲಿಲ್ಲ. ಆದರೆ ಅದೇ ಪ್ರಬಂಧದ ಕೆಎಂ ಅಂಕಿ (ಕ್ರಿಯೆ ಗರಿಷ್ಠ ವೇಗದ ಅರ್ಧ ಮುಟ್ಟಲು ಬೇಕಾದ ವಸ್ತುವಿನ ಸಾಂದ್ರತೆ) ನೋಡಿ. ಹೈಡ್ರೋಜನ್ ಪೆರಾಕ್ಸೈಡ್‌ಗೆ ಸಹಜ ಕಿಣ್ವ ಎಚ್‌ಆರ್‌ಪಿಯದು (ಹಾರ್ಸ್‌ರ್‍ಯಾಡಿಷ್ ಗಿಡದ ಪೆರಾಕ್ಸಿಡೇಸ್) 3.7 ಮಿಲಿಮೋಲಾರ್, ಕಣದ್ದು 154. ಕೆಎಂ ಜಾಸ್ತಿ ಅಂದರೆ ಹಿಡಿತ ಕಡಿಮೆ. ‘ಕಿಣ್ವಕ್ಕಿಂತ ಎಲ್ಲದರಲ್ಲೂ ಮೇಲು’ ಅಂತ ಸುಮ್ನೆ ಬರೆಯಬೇಡಿ.

ನಿಜವಾದ ತೊಡಕು ಪಿಎಚ್‌ನದು. ಈ ಕಣಗಳ ಪೆರಾಕ್ಸಿಡೇಸ್ ಗುಣ ಚೆನ್ನಾಗಿರುವುದು ಆಮ್ಲೀಯ ದ್ರಾವಣದಲ್ಲಿ, ಪಿಎಚ್ 3.5ರ ಆಸುಪಾಸು. ಲ್ಯೂಮಿನಾಲ್‌ಗೆ ಕ್ಷಾರೀಯ ದ್ರಾವಣವೇ ಬೇಕು. ಗ್ಲೂಕೋಸ್ ಆಕ್ಸಿಡೇಸ್‌ಗೆ ಹಿತವಾಗಿರುವುದು 5.5ರ ಹತ್ತಿರ. ಮೂರಕ್ಕೂ ಒಂದೇ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಹೊಂದುವುದು ಕಷ್ಟ ಅಲ್ವಾ? ಅದರ ಮೇಲೆ, ಪಿಎಚ್ 7 ದಾಟಿದರೆ ಈ ಕಣಗಳು ಕ್ಯಾಟಲೇಸ್ ಥರ ನಡೆದುಕೊಳ್ಳುತ್ತವೆ: ಪೆರಾಕ್ಸೈಡ್ ನೀರು ಮತ್ತು ಆಮ್ಲಜನಕವಾಗಿ ಹೋಗುತ್ತದೆ, ಬೆಳಕಿಗೆ ಬೇಕಾದದ್ದೇ ಖಾಲಿ. ಹೀಗಾಗಿ ಕೆಲವರು ಆಕ್ಸಿಡೇಸ್ ಹಂತವನ್ನು ಬೇರೆ ಬಫರ್‌ನಲ್ಲಿ ಮೊದಲೇ ಮುಗಿಸಿ, ಆಮೇಲೆ ಲ್ಯೂಮಿನಾಲ್‌ಗೆ ಸೇರಿಸುತ್ತಾರೆ. ನನಗೆ ಇದೇ ಸರಿ ಅನ್ನಿಸುತ್ತದೆ.

‘ಪೆರಾಕ್ಸಿಡೇಸ್’ ಎಂಬ ಹೆಸರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಮುಗೇಶ್ ಅವರ ತಂಡ 2014ರಲ್ಲಿ ವನೇಡಿಯಂ ಪೆಂಟಾಕ್ಸೈಡ್ ನ್ಯಾನೊತಂತಿಗಳ ಬಗ್ಗೆ ವರದಿ ಮಾಡಿತು. ಅವು ಅನುಕರಿಸುವುದು ಗ್ಲುಟಾಥಯೋನ್ ಪೆರಾಕ್ಸಿಡೇಸನ್ನು. ಜೀವಕೋಶದಲ್ಲಿರುವ ಗ್ಲುಟಾಥಯೋನ್ ಎಂಬ ಅಣು ಇದ್ದರೆ ಪೆರಾಕ್ಸೈಡನ್ನು ನೀರಾಗಿಸಿ ಜೀವಕೋಶವನ್ನು ಕಾಪಾಡುತ್ತವೆ. ಜೀವಕೋಶಕ್ಕೆ ಒಳ್ಳೆಯದು, ನಮ್ಮ ಲ್ಯೂಮಿನಾಲ್ ಸಿಗ್ನಲ್‌ಗೆ ಅದು ಪೂರ್ತಿ ಉಲ್ಟಾ.